ಬರುವವರಿಗೆಂದು ಇಟ್ಟ ಬಾಟಲಿ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಕುತೂಹಲ: ಅವರ ಫ್ರಿಜ್ಜಿನೊಳಗೆ ಏನಿದೆ ಎಂದು ಇಣುಕುವುದು. ಬೀರುವಿಗೆ ಎಲ್ಲರೂ ಬೀಗ ಹಾಕುತ್ತಾರೆ, ಫ್ರಿಜ್ಜಿಗೆ ಯಾರೂ ಹಾಕುವುದಿಲ್ಲ. ಹಾಗಾಗಿ ಮನೆಯ ಅರ್ಧ ಸಮಾಚಾರ ಅಲ್ಲಿ ನಾಚಿಕೆಯಿಲ್ಲದೆ ತಣ್ಣಗೆ ಕೂತಿರುತ್ತದೆ. ನನ್ನದರಲ್ಲಿ ಹುಳಿ ಬಂದ ದೋಸೆ ಹಿಟ್ಟು, ಬಾಡಿದ ಕೊತ್ತಂಬರಿ ಸೊಪ್ಪು, ನಾಳೆ ಪಲ್ಯ ಮಾಡೋಣವೆಂದು ತಂದು ಮರೆತ ಬೀಟ್‌ರೂಟು. ತೂಬಗೆರೆಯ ಪಕ್ಕದ ನಮ್ಮ ಹುಟ್ಟೂರಿನಲ್ಲೇ ಮದುವೆಯಾಗಿ ಅಲ್ಲೇ ಉಳಿದ ನನ್ನ ಅಕ್ಕ ಜಯಮ್ಮನ ಫ್ರಿಜ್ಜಿನ ಬಾಗಿಲಿನ ಖಾನೆಯಲ್ಲಿ ಮಾತ್ರ, ಮಳೆಗಾಲವಿರಲಿ ಚಳಿಗಾಲವಿರಲಿ, ಕಿತ್ತಳೆ ಬಣ್ಣದ ತಂಪು ಪಾನೀಯದ ಎರಡು ದೊಡ್ಡ ಬಾಟಲಿಗಳು ನಿಂತಿರುತ್ತಿದ್ದವು. ಒಂದು ಸೀಲು ಒಡೆಯದ್ದು, ಇನ್ನೊಂದು ಅರ್ಧ ಖಾಲಿಯಾದದ್ದು. ಅಕ್ಕನಿಗೆ ಸಿಹಿಯ ಚಪಲ ಎಂದು ನಾನು ಬಹಳ ಕಾಲ ನಂಬಿದ್ದೆ.

ನಾನು ಹೊಸಕೋಟೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ತೆರಿಗೆಯ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಸಕ್ಕರೆ ತುಂಬಿದ ಪಾನೀಯಗಳ ಮೇಲೆ, ಕರಿದ ಕುರುಕಲುಗಳ ಮೇಲೆ ಭಾರಿ ತೆರಿಗೆ ಹಾಕಬೇಕು ಎಂಬ ಪಕ್ಷದವಳು ನಾನು. ಮಕ್ಕಳ ಚರ್ಚಾಸ್ಪರ್ಧೆಗೆ ಆ ಪಕ್ಷದ ಮಾತುಗಳನ್ನು ಬರೆದುಕೊಟ್ಟವಳೂ ನಾನೇ. ನಮ್ಮ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅದನ್ನೋದಿ ತಲೆಯಾಡಿಸಿ, "ಅಲ್ಲ ಮೇಡಂ, ಕಾರಲ್ಲಿ ಓಡಾಡೋನಿಗೆ ನಾಕು ರೂಪಾಯಿ ಜಾಸ್ತಿಯಾದ್ರೆ ಏನಾಗುತ್ತೆ? ಮಗ್ಗದ ಮುಂದೆ ನಿಂತು ದುಡಿಯೋನು ಒಂದು ಬನ್ನು, ಒಂದು ಬಾಟ್ಲು ಅಂತ ಮಧ್ಯಾಹ್ನ ಕಳೀತಾನೆ. ಬರೆ ಬೀಳೋದು ಅವನಿಗೇ" ಎಂದರು. ಕಾಯಿಲೆಯೂ ಅವನಿಗೇ ಅಲ್ಲವೇ ಬರುವುದು, ದಿನಗೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವನೂ ಅವನೇ ಅಲ್ಲವೇ, ಈಗಿನ ಬರೆ ಆಮೇಲಿನ ಕತ್ತರಿಗಿಂತ ವಾಸಿ ಎಂದು ನಾನು ಉತ್ತರ ಕೊಟ್ಟೆ. ಮೇಷ್ಟ್ರು ಮುಂದಿನ ಪೀರಿಯಡ್ಡಿಗೆ ಎದ್ದು ಹೋದರು, ನಾನು ಗೆದ್ದೆನೆಂದುಕೊಂಡೆ.

ಆ ವಾರವೇ ಅಕ್ಕ ಫೋನು ಮಾಡಿ, "ಕಾಲಲ್ಲಿ ಏನೋ ಕೀವು ಕಣೆ. ನೋವೇನಿಲ್ಲ, ವಾಸನೆ ಬರ್ತೈತೆ" ಎಂದಳು. ನೋವಿಲ್ಲ ಎಂದದ್ದಕ್ಕೆ ನಾನು ಸಮಾಧಾನಪಟ್ಟುಕೊಂಡೆ. ಹೆದರಬೇಕಾಗಿದ್ದದ್ದು ಆ ಮಾತಿಗೇ ಎಂಬುದು ಆಗ ತಿಳಿಯಲಿಲ್ಲ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಅವಳ ಬಲಗಾಲಿನ ಹೆಬ್ಬೆರಳ ಅಡಿಯ ಗಾಯವನ್ನು ತೊಳೆಯುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ, ಚಿಮಟದಲ್ಲಿ ಏನನ್ನೋ ಹಿಡಿದೆಳೆದು ಸ್ಟೀಲಿನ ಬಟ್ಟಲಿಗೆ ಹಾಕಿದರು. ಅದು ಟಿಣ್ ಎಂದಿತು. ನೋಡಿದರೆ ಗುಂಡುಸೂಜಿ.

ಅಕ್ಕ ಹೊಲಿಗೆಯವಳು. ಅವಳ ಮನೆಯ ನೆಲದಲ್ಲಿ ಗುಂಡುಸೂಜಿ ಬಿದ್ದಿರುವುದು ನಮ್ಮ ನಿಮ್ಮ ಮನೆಯಲ್ಲಿ ಸಾಸಿವೆ ಬಿದ್ದಿರುವಷ್ಟೇ ಸಹಜ. ಆದರೆ ಅಷ್ಟುದ್ದದ ಸೂಜಿ ಮಾಂಸದೊಳಗೆ ಇಳಿದು ಕೂತಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ. ಅದೇ ಕಾಲಿನಲ್ಲಿ ದಿನವಿಡೀ ಮಿಷನ್ನು ತುಳಿದಿದ್ದಳು. "ಯಾವಾಗ ಚುಚ್ಚಿದ್ದಮ್ಮ ಇದು?" ಎಂದು ವೈದ್ಯೆ ಕೇಳಿದರೆ ಅಕ್ಕ ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಒಂದು ಜಾಲಿಮುಳ್ಳು ತಾಗಿದರೆ ಇಡೀ ಕೇರಿಗೆ ಕೇಳುವಂತೆ ಅರಚುತ್ತಿದ್ದವಳು ಇವಳೇನಾ ಎನಿಸಿತು ನನಗೆ. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದೆ, ಕಾಲಿನ ನರಗಳು ಸತ್ತಿವೆ, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ, ಬೆರಳಿಗೇ ನಿಲ್ಲುತ್ತದೆ ಎಂದು ಹೇಳಲಾರೆ ಎಂದರು ವೈದ್ಯೆ. ಸಿಹಿ ತಿನ್ನುತ್ತೀರಾ ಎಂದು ಕೇಳಿದ್ದಕ್ಕೆ ಅಕ್ಕ, "ಕಾಫಿಗೂ ಸಕ್ಕರೆ ಹಾಕ್ಕೊಳಲ್ಲ ಮೇಡಂ" ಎಂದಳು. ಅದು ನಿಜವೂ ಆಗಿತ್ತು.

ಮನೆಗೆ ಬಂದವಳೇ ನಾನು ಫ್ರಿಜ್ಜು ತೆರೆದು, ಅರ್ಧ ಖಾಲಿಯಾದ ಬಾಟಲಿಯನ್ನು ಹಿಡಿದು ಹಿತ್ತಲಿನ ಮೋರಿಯತ್ತ ಹೊರಟೆ. ಅಕ್ಕ ಕುಂಟುತ್ತ ಬಂದು ನನ್ನ ಕೈ ಹಿಡಿದಳು.

"ಅದು ನಂಗಲ್ಲ ಕಣೆ, ಬರೋರಿಗೆ."

"ಬರೋರು ಅಂದ್ರೆ ಯಾರೇ?"

"ಊರೊಳಗಿಂದ ಬ್ಲೌಸ್ ಹೊಲಿಸಕ್ಕೆ ಬರೋರು. ಬಿಸಿಲಲ್ಲಿ ಬಂದಿರ್ತಾರೆ, ಎದುರಿಗೇ ಸೀಲ್ ಒಡ್ದು ಪೇಪರ್ ಲೋಟಕ್ಕೆ ಬಗ್ಗಿಸ್ತೀನಿ. ಬೇರೆ ಏನ್ ಕೊಟ್ರೆ ಕುಡೀತಾರೆ, ನೀನೇ ಹೇಳು."

"ಮತ್ತೆ ಉಳಿದಿದ್ದು?"

"ಗ್ಯಾಸ್ ಹೋಗಿರ್ತೈತೆ, ಇನ್ನೊಬ್ರಿಗೆ ಕೊಡಕಾಗಲ್ಲ. ದುಡ್ ಕೊಟ್ ತಂದಿದ್ದು ಚೆಲ್ಲಕ್ಕೂ ಮನಸ್ಸು ಬರಲ್ಲ. ನಾನೇ ಕುಡ್ದು ಮುಗಿಸ್ತೀನಿ. ಅದು ಸಿಹಿ ತಿಂಡಿ ಅಲ್ವಲ್ಲ."

ಸ್ನೇಹಿತರೇ, ಬಾಟಲಿ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ. ನಿಮಗೆ ಬಿಡಿಸಿ ಹೇಳಬೇಕು. ನಮ್ಮದು ಊರಿನ ಆಚೆಗಿನ ಕೇರಿ. ಈಗ ಕಾಲೋನಿ ಎನ್ನುತ್ತಾರೆ. ಊರೊಳಗಿನವರು ನಮ್ಮ ಮನೆಗಳಲ್ಲಿ ನೀರು ಕುಡಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಏಕೆಂದರೆ ಅವರು ಒಳಗೇ ಬರುತ್ತಿರಲಿಲ್ಲ. ಬೀದಿಯಲ್ಲಿ ನಿಂತು ಅಪ್ಪನನ್ನು ಕೂಗಿ, ಕೆಲಸ ಹೇಳಿ, ಹೋಗುತ್ತಿದ್ದರು. ಆಮೇಲೆ ಕಾಲ ಒಂದಿಷ್ಟು ಬದಲಾಯಿತು. ನಮ್ಮಲ್ಲೂ ಸಂಬಳದವರಾದರು, ಮನೆಗೆ ಆರ್‌ಸಿಸಿ ಬಂತು, ಕುರ್ಚಿ ಬಂದವು. ಒಂದು ದಿನ ಊರಿನ ದೊಡ್ಡ ಮನೆಯವರೊಬ್ಬರು ಯಾವುದೋ ಕೆಲಸಕ್ಕೆ ಬಂದು, ಒಳಗೆ ಬಂದು, ಕುರ್ಚಿಯ ಮೇಲೆ ಕೂತರು. ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಕಾಫಿ ಎನ್ನುವಂತಿಲ್ಲ, ನೀರು ಎನ್ನುವಂತಿಲ್ಲ. ಅಂಗಡಿಗೆ ಓಡಿ ಒಂದು ಕಿತ್ತಳೆ ಬಾಟಲಿ ತಂದು, ಅವರ ಕಣ್ಣೆದುರಿಗೇ ಮುಚ್ಚಳ ತೆಗೆದು ಕೊಟ್ಟ. ಅವರು ಕುಡಿದರು. ಆ ರಾತ್ರಿ ಅಪ್ಪ ಅದೇ ಮಾತನ್ನು ಅಮ್ಮನಿಗೆ ಎಷ್ಟು ಸಲ ಹೇಳಿದನೋ. ಯಂತ್ರ ತುಂಬಿ ಯಂತ್ರವೇ ಮುಚ್ಚಿದ್ದಕ್ಕೆ ಯಾರ ಕೈಯ ಮೈಲಿಗೆಯೂ ಇಲ್ಲವಲ್ಲ. ನಮ್ಮ ಮನೆಯಲ್ಲಿ ನಾವು ಅತಿಥಿ ಸತ್ಕಾರ ಮಾಡಬಹುದು ಎಂದು ಮೊದಲು ಒಪ್ಪಿಗೆ ಕೊಟ್ಟದ್ದು ಆ ಬಾಟಲಿ, ಅದಕ್ಕೇ ಅಪ್ಪನಿಗೆ ಅದರ ಮೇಲೆ ಅಷ್ಟು ಪ್ರೀತಿ.

ಅದು ಹಳೆಯ ಕಾಲದ ಮಾತು, ಮುಗಿದುಹೋಗಿದೆ ಎಂದೇ ನಾನು ತಿಳಿದಿದ್ದೆ. ಹೊಸಕೋಟೆಯಲ್ಲಿ ನನ್ನ ಬುತ್ತಿಯ ಚಿತ್ರಾನ್ನಕ್ಕೆ ಎಲ್ಲರೂ ಕೈ ಹಾಕುತ್ತಾರೆ. ಇಲ್ಲಿ ನೋಡಿದರೆ ಅಕ್ಕ ಅಳತೆ ತೆಗೆದು, ಮುಟ್ಟಿ, ಹೊಲಿದು, ಇಸ್ತ್ರಿ ಮಾಡಿ ಕೊಟ್ಟ ಬಟ್ಟೆ ಅವರ ಮೈಮೇಲೆ ಏರುತ್ತದೆ, ಅವಳ ಕೈಯ ಒಂದು ಲೋಟ ನೀರು ಮಾತ್ರ ಗಂಟಲಿಗೆ ಇಳಿಯುವುದಿಲ್ಲ. ಆ ಇಳಿಯದ ನೀರಿಗೆ ಬದಲಾಗಿ ಅವಳು ವಾರವಾರ ಬಾಟಲಿ ಕೊಂಡು, ಅವರು ಕುಡಿದು ಬಿಟ್ಟದ್ದನ್ನು ತಾನು ಕುಡಿದು, ಕಾಲಿನಲ್ಲಿ ಸೂಜಿಯಿಟ್ಟುಕೊಂಡು ಮಿಷನ್ನು ತುಳಿದಿದ್ದಾಳೆ. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗಿಂತ ಮೊದಲು ನಾನು ದಂಗುಬಡಿದು ಹೋದೆ.

ಈಗ ನನ್ನ ತೆರಿಗೆಯ ವಾದವನ್ನು ಎಲ್ಲಿ ಇಡಲಿ ಹೇಳಿ. ಬೆಲೆ ಏರಿದರೆ ಕೊಳ್ಳುವವನು ಕೈ ಹಿಂದೆಗೆಯುತ್ತಾನೆ ಎಂದು ಪಾಠ ಮಾಡಿದ್ದೆ. ಕೊಳ್ಳುವವಳು ಬೇರೆ, ಬೇಡುವವರು ಬೇರೆ ಆಗಿರುವ ಮನೆಯಲ್ಲಿ ಆ ಪಾಠ ಹೇಗೆ ನಡೆದೀತು? ನಮ್ಮ ಊರಿನ ಅಂಗಡಿಯವನು ಬಾಟಲಿಯ ಮೇಲೆ ಅಚ್ಚಾದ ಬೆಲೆಯ ಜೊತೆಗೆ ಕೂಲಿಂಗ್ ಚಾರ್ಜು ಎಂದು ತನ್ನದೇ ಒಂದು ತೆರಿಗೆ ವಸೂಲು ಮಾಡುತ್ತಾನೆ, ಅದನ್ನೂ ಅಕ್ಕ ತುಟಿಪಿಟಕ್ಕೆನ್ನದೆ ಕೊಟ್ಟಿದ್ದಾಳೆ. ಸರ್ಕಾರ ಏನೂ ಮಾಡದೆ ಕೂತಿಲ್ಲ. ನೊರೆ ಬರುವ ಸಿಹಿನೀರನ್ನು ಪಾನ್ ಮಸಾಲದ ಸಾಲಿಗೆ ತಳ್ಳಿ ದೊಡ್ಡ ತೆರಿಗೆ ಹಾಕಿದೆ, ಹಣ್ಣಿನ ರಸ ಬೆರೆಸಿದ ಸಿಹಿನೀರನ್ನು ಬಿಸ್ಕತ್ತಿನ ಸಾಲಿನಲ್ಲಿ ಕೂರಿಸಿ ಸಣ್ಣದು ಹಾಕಿದೆ. ಅದನ್ನು ತಿಳಿದವಳಂತೆ ಅಕ್ಕ, "ಹಂಗಾದ್ರೆ ಮಾವಿನಹಣ್ಣಿಂದು ಇಡ್ಲಾ? ಅದು ಹಣ್ಣಲ್ವಾ, ಒಳ್ಳೇದೇ ಅಲ್ವಾ" ಎಂದು ಕೇಳಿದಳು. ಸಕ್ಕರೆಗೆ ನೊರೆಯಿದ್ದರೇನು, ಮಾವಿನ ಚಿತ್ರವಿದ್ದರೇನು, ನರಗಳಿಗೆ ಎರಡೂ ಒಂದೇ ಎಂದು ನಾನು ಅವಳಿಗೆ ಹೇಳಿದೆ.

ಆದರೂ ತೆರಿಗೆ ಬೇಡವೆಂದು ನಾನು ಹೇಳಲಾರೆ, ಏಕೆಂದರೆ ಅದು ಅಕ್ಕನಿಗೆ ಒಂದು ಉಪಕಾರ ಮಾಡಿತು. ಬಾಟಲಿ ಇಡುವುದನ್ನು ಬಿಡಬೇಕೆಂದು ನಾವಿಬ್ಬರೂ ತೀರ್ಮಾನಿಸಿದಾಗ ಅವಳಿಗಿದ್ದ ದೊಡ್ಡ ಚಿಂತೆ, ಕಾರಣ ಏನು ಹೇಳುವುದು ಎಂಬುದು. ನಿಮ್ಮ ಎಂಜಲು ಸಕ್ಕರೆ ನನ್ನ ಕಾಲು ತಿಂದಿತು ಎಂದು ಹೇಳಲು ಬರುವುದಿಲ್ಲವಲ್ಲ. "ಟ್ಯಾಕ್ಸ್ ಜಾಸ್ತಿ ಮಾಡವ್ರಂತೆ, ಅದಕ್ಕೆ ಇಡೋದು ಬಿಟ್ಟೆ" ಎನ್ನುವುದು ಯಾರ ಮನಸ್ಸನ್ನೂ ನೋಯಿಸದ, ಯಾರ ಮರ್ಯಾದೆಯನ್ನೂ ಕೆದಕದ ಮಾತು. ಬಾಟಲಿಯ ಜಾಗಕ್ಕೆ ಮಜ್ಜಿಗೆ ಬಂತು. ಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿ, ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟ ಮಜ್ಜಿಗೆ. ಅಕ್ಕನ ಗಾಯ ನಿಧಾನಕ್ಕೆ ಒಣಗತೊಡಗಿತು. ಆದರೆ ಆ ಮಜ್ಜಿಗೆಯನ್ನು ಕುಡಿದವರು ನಾನು, ಭಾವ, ಅಕ್ಕಪಕ್ಕದ ಮನೆಯವರು. ಊರೊಳಗಿಂದ ಬಂದವರಲ್ಲಿ ಒಬ್ಬರಿಗೆ ಶೀತ, ಒಬ್ಬರಿಗೆ ಶನಿವಾರದ ಒಪ್ಪೊತ್ತು, ಇನ್ನೊಬ್ಬರು ಈಗಷ್ಟೇ ಕುಡಿದುಕೊಂಡು ಬಂದವರು. ಕೂತು ಮಾತಾಡುತ್ತಿದ್ದವರು ನಿಂತೇ ಬಟ್ಟೆ ಕೊಟ್ಟು ಹೋಗತೊಡಗಿದರು. "ಗಿರಾಕಿ ಹೋಗ್ಲಿ ಬಿಡು, ಮಾತೂ ಕಮ್ಮಿ ಆಗೋಯ್ತಲ್ಲೇ" ಎಂದು ಅಕ್ಕ ಒಂದು ದಿನ ಹೇಳಿಕೊಂಡಳು.

ಒಂದು ಭಾನುವಾರ ನಾನು ಅಲ್ಲಿದ್ದೆ. ಮಾಕಳಿದುರ್ಗದ ಬೆಟ್ಟಕ್ಕೆ ಹೊರಟ ಬೆಂಗಳೂರಿನ ಹುಡುಗರ ಬೈಕುಗಳು ರಸ್ತೆಯಲ್ಲಿ ಸದ್ದು ಮಾಡಿಕೊಂಡು ಹೋದ ಮೇಲೆ, ಊರೊಳಗಿನ ಪುಟ್ಟಲಕ್ಷ್ಮಮ್ಮ ತಮ್ಮ ಇಬ್ಬರು ಸೊಸೆಯಂದಿರೊಂದಿಗೆ ಬಂದರು. ಮಗಳ ಮದುವೆ ಗೊತ್ತಾಗಿತ್ತು, ಮನೆಯವರೆಲ್ಲರ ಬ್ಲೌಸುಗಳನ್ನೂ ಅಕ್ಕನೇ ಹೊಲಿಯಬೇಕು. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಅಕ್ಕ ಆಸ್ಪತ್ರೆಗೆ ಓಡಾಡುತ್ತಿದ್ದಾಗ ಎರಡು ಸಲ ಫೋನು ಮಾಡಿ ವಿಚಾರಿಸಿದವರು. ಬಂದವರು ಒಳಗೆ ಬಂದರು, ಕುರ್ಚಿಯ ಮೇಲೆ ಕೂತರು, ಕಾಲು ಹೇಗಿದೆ ಎಂದು ಕೇಳಿದರು. ನನಗೆ ಹಿಗ್ಗಾಯಿತು. ಅಕ್ಕ ಮೂರು ಲೋಟ ಮಜ್ಜಿಗೆ ತುಂಬಿಸಿ ತಟ್ಟೆಯಲ್ಲಿಟ್ಟುಕೊಂಡು ಬಂದಳು. ಪುಟ್ಟಲಕ್ಷ್ಮಮ್ಮ ಆ ತಟ್ಟೆಯನ್ನು ನೋಡಿ ನಕ್ಕು, ತಮ್ಮ ಬಟ್ಟೆಯ ಚೀಲಕ್ಕೆ ಕೈಹಾಕಿ, ಒಂದು ದೊಡ್ಡ ಕಿತ್ತಳೆ ಬಾಟಲಿಯನ್ನೂ ಒಂದು ಕಟ್ಟು ಪೇಪರ್ ಲೋಟಗಳನ್ನೂ ಹೊರಗೆ ತೆಗೆದರು.

"ರೇಟ್ ಜಾಸ್ತಿ ಅಂತ ನೀನು ಇಡೋದು ಬಿಟ್ಟಿದೀಯಂತಲ್ಲ ಜಯಮ್ಮ. ನಿಂಗ್ಯಾಕೆ ಸುಮ್ನೆ ತೊಂದ್ರೆ ಅಂತ ನಾವೇ ತಂದ್ವಿ. ಎಲ್ರಿಗೂ ಬಗ್ಗಿಸ್ಬಿಡು."

ಅಷ್ಟು ಪ್ರೀತಿಯಿಂದ ಹೇಳಿದರು. ನಾನು ಬೆಚ್ಚಿಬಿದ್ದೆ. ಯಾರಾದರೂ ಬೈದಿದ್ದರೆ, ಮೂಗು ಮುರಿದಿದ್ದರೆ ತಿರುಗಿ ಹೇಳಲು ನನ್ನಲ್ಲಿ ಮಾತುಗಳಿದ್ದವು. ಇಲ್ಲಿದ್ದದ್ದು ಒಳ್ಳೆಯತನ. ಯಾವ ಸರ್ಕಾರ ಎಷ್ಟೇ ತೆರಿಗೆ ಹಾಕಲಿ, ಈ ಮನೆಯ ಮಜ್ಜಿಗೆ ತಪ್ಪಿಸಿಕೊಳ್ಳಲು ಇವರು ಅಷ್ಟನ್ನೂ ತಮ್ಮ ಕೈಯಿಂದಲೇ ಕೊಡುತ್ತಾರೆ, ಕೊಟ್ಟು ಅದನ್ನು ಉಪಕಾರವೆಂದೂ ತಿಳಿಯುತ್ತಾರೆ. ಅಕ್ಕ ತಟ್ಟೆಯನ್ನು ಕೆಳಗಿಟ್ಟು, ಬಾಟಲಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ಮೂರು ಪೇಪರ್ ಲೋಟಗಳಿಗೆ ಸರಿಸಮನಾಗಿ ಬಗ್ಗಿಸಿದಳು. ಅವರು ಕುಡಿದರು. ಮದುವೆ ಛತ್ರದ ಮಾತು ಬಂತು, ಸೀರೆಯ ಮಾತು ಬಂತು. ಕಿರಿಯ ಸೊಸೆ ಮಾತ್ರ ತಟ್ಟೆಯಲ್ಲಿದ್ದ ಮಜ್ಜಿಗೆಯನ್ನು ಒಂದೆರಡು ಸಲ ನೋಡಿ ಕಣ್ಣು ತೆಗೆದಳು.

ಅಳತೆಗೆ ಏಳುವಾಗ ಪುಟ್ಟಲಕ್ಷ್ಮಮ್ಮ, "ಉಳಿದಿದ್ದು ಒಳಗಿಡಮ್ಮ, ಆಮೇಲೆ ನೀನೇ ಕುಡಿಯುವಂತೆ" ಎಂದರು.

ಅಕ್ಕ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅವರ ಕೈಗೇ ಕೊಟ್ಟಳು. ಅವಳ ದನಿ ಏರಲಿಲ್ಲ.

"ಬೇಡಿ ಅಮ್ಮ, ತಗೊಂಡೋಗಿ. ನಮ್ಮನೇಲಿ ಇದನ್ನ ಕುಡಿಯಲ್ಲ."

ಪುಟ್ಟಲಕ್ಷ್ಮಮ್ಮ ತಮ್ಮ ಕೈಗೆ ಮರಳಿ ಬಂದ ಬಾಟಲಿಯನ್ನು ನೋಡಿದರು. ನಮ್ಮ ಕೇರಿಯ ಹತ್ತು ಮನೆಗಳಲ್ಲಿ ತಾವೇ ಎಷ್ಟೋ ಸಲ ಬೇರೆ ಬೇರೆ ಬಗೆಯಲ್ಲಿ ಆಡಿದ್ದ ಮಾತನ್ನು ಅವರು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದರು. ಅಕ್ಕ ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದು, "ಕೈ ಎತ್ತಿ ಅಮ್ಮ, ಅಳತೆ ತಗೋಬೇಕು" ಎಂದಳು. ಬಾಟಲಿ ಹಿಡಿದ ಕೈ ಎತ್ತಲು ಬರುವುದಿಲ್ಲವಲ್ಲ. ಅವರು ಎಲ್ಲಿಡಲಿ ಎಂದು ಫ್ರಿಜ್ಜಿನ ಕಡೆ ನೋಡಿದರು, ಮಿಷನ್ನಿನ ಕಡೆ ನೋಡಿದರು, ಕೊನೆಗೆ ನನ್ನ ಕಡೆ ನೋಡಿದರು. ನಾನು ಕೈ ಚಾಚಲಿಲ್ಲ. ಆಗ ಅವರು ತಾವೇ ಬಾಗಿಲಿಗೆ ಹೋಗಿ, ಬಗ್ಗಿ, ಆ ಬಾಟಲಿಯನ್ನು ಹೊಸ್ತಿಲಿನಾಚೆ ಬೀದಿಯ ಬದಿಯಲ್ಲಿಟ್ಟು ಒಳಗೆ ಬಂದರು.