ಮನೆತನದ ಎದೆಬೇನೆ

ಬಿ.ದುರ್ಗದ ಕುರಿಗಾರರ ಮನೆಗೆ ಏಕನಾಥಮ್ಮ ಸೊಸೆಯಾಗಿ ಬಂದ ಎರಡನೇ ವರ್ಷವೇ ಗಂಡ ಗುಡ್ಡಪ್ಪ ತೀರಿಕೊಂಡ. ತೋಳ ಹೊತ್ತೊಯ್ದ ಮರಿಯ ಹಿಂದೆ ಓಡುತ್ತಿದ್ದವನು ಕುಸಿದು ಬಿದ್ದ, ಏಳಲಿಲ್ಲ. ಗಟ್ಟಿ ಆಳು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಸೊಸೆಯ ಕಾಲ್ಗುಣ ಎಂದು ಊರು ಮಾತಾಡಿತು. ಅತ್ತೆ ಬೊಮ್ಮಕ್ಕ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಶುಭಕಾರ್ಯಗಳಿಗೆ ಅವಳನ್ನು ಕರೆದೊಯ್ಯುವುದನ್ನು ಬಿಟ್ಟಳು. ಏಕನಾಥಮ್ಮ ಹಸುಗೂಸು ಗಂಗಕ್ಕನನ್ನು ಸಾಕಿಕೊಂಡು ಮನೆಗೆಲಸದಲ್ಲಿ ಮುಳುಗಿದಳು.

1975ರ ಬೇಸಿಗೆಯಲ್ಲಿ ಬಾವಿಯ ಹೂಳು ಎತ್ತುತ್ತಿದ್ದ ಮೈದುನ ಚಿತ್ರಲಿಂಗಪ್ಪ ಕಣ್ಣು ಕತ್ತಲಿಟ್ಟು ಬಿದ್ದ. ಸದ್ಯ, ಬೇಗ ಎಚ್ಚರವಾಯಿತು. ಬೊಮ್ಮಕ್ಕ ಹರಕೆ ಕಟ್ಟಲು ಹೊರಟಳು.

“ಹರಕೆ ಬ್ಯಾಡ ಅನ್ನಲ್ಲತ್ತೆ. ಮೊದ್ಲು ಚಿತ್ರದುರ್ಗದ ಆಸ್ಪತ್ರೆಗೆ ಹೋಗಾಣ,” ಎಂದು ಏಕನಾಥಮ್ಮ ಹಟ ಹಿಡಿದು, ಮಗಳನ್ನೂ ಎತ್ತಿಕೊಂಡು, ಅತ್ತೆ ಮೈದುನ ಇಬ್ಬರನ್ನೂ ಬಸ್ಸು ಹತ್ತಿಸಿದಳು.

ಡಾಕ್ಟರು ಚಿತ್ರಲಿಂಗಪ್ಪನ ಎದೆಬಡಿತವನ್ನು ಬಹಳ ಹೊತ್ತು ಆಲಿಸಿದರು. ಇಸಿಜಿ ತೆಗೆಸಿ ನೋಡಿದರು. “ನಿಮ್ಮನೇಲಿ ಯಾರಾದ್ರೂ ದಿಢೀರಂತ ತೀರ್ಕೊಂಡಿದ್ದಾರಾ?”

ಬೊಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ದೊಡ್ಡ ಮಗ, ಸ್ವಾಮಿ. ಅದಕ್ಕೂ ಮುಂಚೆ ನನ್ ಗಂಡ, ಕಟ್ಟಿಗೆ ಒಡೀತಾ. ಅವರಣ್ಣಾನೂ ಹಂಗೇ ಹೋದ್ರು.”

“ಹೃದಯದ ಸ್ನಾಯು ದಪ್ಪ ಆಗೋ ಕಾಯಿಲೆ ಇರ್ಬೇಕು. ಕೆಲವರಲ್ಲಿ ರೋಗದಿಂದ ಮೈಯನ್ನ ಕಾಯೋ ಶಕ್ತೀನೇ ತಿರುಗಿಬಿದ್ದು ಹೃದಯಕ್ಕೆ ಪೆಟ್ಟು ಕೊಡುತ್ತೆ. ನಿಮ್ಮದು ಹಾಗಲ್ಲ, ವಂಶದಲ್ಲೇ ಬಂದಿರೋದು. ಯಾರ ತಪ್ಪೂ ಇಲ್ಲ.”

“ಅಂದ್ರೆ ನನ್ ಸೊಸೆ ನಮ್ಮನಿಗೆ ಬರೋಕ್ ಮುಂಚೇನೂ ಇತ್ತಾ ಇದು?”

“ಎಷ್ಟೋ ತಲೆಮಾರಿಂದ ಇದ್ದಿರ್ಬೋದಮ್ಮ.”

ಬೊಮ್ಮಕ್ಕ ಸೊಸೆಯ ಕೈ ಹಿಡಿದು ಅತ್ತುಬಿಟ್ಟಳು. ಏಕನಾಥಮ್ಮನಿಗೆ ಅಳಲು ಪುರುಸೊತ್ತಿರಲಿಲ್ಲ. “ನನ್ ಮಗಳಿಗೂ ಬಂದೈತೇನ್ರಿ?”

ಡಾಕ್ಟರು ಮಗುವಿನ ಎದೆಯನ್ನೂ ನೋಡಿದರು. “ಸದ್ಯಕ್ಕೆ ಏನೂ ಕಾಣ್ತಿಲ್ಲ. ಮುಂದೆ ಬರ್ಬೋದು, ಬರ್ದೇನೂ ಇರ್ಬೋದು. ವರ್ಷಕ್ಕೊಂದ್ಸಲ ತೋರಿಸ್ತಿರಿ.”

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಅದೇ ಕಾಯಿಲೆ ಎಂದರು. ಮಾತ್ರೆ ಕೊಟ್ಟು, ಓಡಬೇಡ, ಭಾರ ಎತ್ತಬೇಡ ಎಂದು ಎಚ್ಚರಿಸಿ ಕಳಿಸಿದರು. ಚಿತ್ರಲಿಂಗಪ್ಪ ಮೊದಮೊದಲು ಮಂಕಾಗಿ ಕೂತ. ಆಮೇಲೆ ಕಂಬಳಿ ಮಗ್ಗಕ್ಕೆ ಇಳಿದ. ಕುರಿಗಳನ್ನು ಏಕನಾಥಮ್ಮ ಹೊಡೆದುಕೊಂಡು ಹೊರಟಳು. ವರ್ಷ ವರ್ಷವೂ ಗಂಗಕ್ಕನನ್ನು ತಪ್ಪದೆ ಡಾಕ್ಟರಿಗೆ ತೋರಿಸಿದಳು. ಮಗು ಚೆನ್ನಾಗಿಯೇ ಬೆಳೆಯಿತು.

ಮೂರು ವರ್ಷಗಳ ನಂತರ ಮೈದುನನಿಗೆ ಭರಮಸಾಗರದ ಹೆಣ್ಣು ಗೊತ್ತಾಯಿತು. ಏಕನಾಥಮ್ಮ ತಾನೇ ಹೋಗಿ ಕಾಯಿಲೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಹುಡುಗಿ ಚಂದ್ರಕ್ಕ ಒಂದು ದಿನ ಯೋಚಿಸಿ, “ಮುಚ್ಚಿಡದೆ ಹೇಳಿದ್ರಲ್ಲಕ್ಕ. ನಾನು ನೋಡ್ಕಂತೀನಿ,” ಎಂದು ಒಪ್ಪಿದಳು.

ಹೊಸ ಜೋಡಿ ಹೊಸ್ತಿಲಿಗೆ ಬಂದಾಗ ಬೊಮ್ಮಕ್ಕ ಆರತಿ ತಟ್ಟೆಯನ್ನು ಏಕನಾಥಮ್ಮನ ಕೈಗಿಟ್ಟಳು. ಹೆಂಗಸರು ಗುಸುಗುಸು ಎಂದರು.

“ನನ್ ಮಗನ್ನ ಉಳಿಸ್ಕಂಡೋಳು ಇವ್ಳು. ಇವ್ಳೇ ಎತ್ಲಿ,” ಎಂದಳು ಬೊಮ್ಮಕ್ಕ.

ಏಕನಾಥಮ್ಮ ಚಂದ್ರಕ್ಕನ ಮುಖ ನೋಡಿದಳು. ಚಂದ್ರಕ್ಕ ನಗುತ್ತಾ ಆರತಿಗೆ ತಲೆ ಬಾಗಿಸಿದಳು.