ಅಜ್ಜಿಯ ಬಾಗಿಲು ಯಾರು ತೆಗೆದರು?

ಹುಳ ಜ್ವರಕ್ಕೆ ಕೂತ ದಿನ ಮಾತ್ರ ಧನಗೆರೆಯ ಹೆಂಗಸರಿಗೆ ಸಿನಿಮಾ. ರೇಷ್ಮೆಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಹೆಂಗಸಿನ ಸೊಂಟಕ್ಕೆ ಒಂದು ಹಗಲು ಬಿಡುವು. ಗಂಡಸರು ಯಾವ ಜ್ವರವನ್ನೂ ಕಾಯುತ್ತಿರಲಿಲ್ಲ. ಬಸ್ಸು ಸಿಕ್ಕ ದಿನ ಹೋಗಿಬರುತ್ತಿದ್ದರು.

ಅರವತ್ತೆಂಟನೇ ಇಸವಿ, ಯುಗಾದಿ ಕಳೆದ ಹೊಸದು. ಕೊಳ್ಳೇಗಾಲದ ಟಾಕೀಸಿಗೆ 'ಎಣ್ಣೆ ಸೀಗೆಕಾಯಿ' ಎಂಬ ಸಿನಿಮಾ ಬಂದಿತ್ತು. ಸುಳ್ಳು ಹೇಳಲು ಬಾರದ ಒಬ್ಬ ದಢೂತಿ ಹೆಡ್ ಕಾನ್‌ಸ್ಟೇಬಲ್, ನಿಜ ಹೇಳಲು ಬಾರದ ಒಬ್ಬ ಸಣಕಲು ಜೇಬುಗಳ್ಳ. ವಿಗ್ರಹ ಕದಿಯುವವರ ಗುಂಪನ್ನು ಹಿಡಿಯಲು ಇಬ್ಬರೂ ಅಣ್ಣತಮ್ಮಂದಿರ ವೇಷ ಹಾಕಿ ಒಂದೇ ಮನೆಯಲ್ಲಿ ಬಾಡಿಗೆಗೆ ಇರಬೇಕು. ಒಬ್ಬ ಎಡಕ್ಕೆ ಎಳೆದರೆ ಇನ್ನೊಬ್ಬ ಬಲಕ್ಕೆ. ಊರಿನ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕು ಬಂದಿದ್ದರು. ಹೋಟ್ಲು ಬೆಂಚಿನ ಮೇಲೆ ಒಬ್ಬ ಕಾನ್‌ಸ್ಟೇಬಲ್ ಆದರೆ ಇನ್ನೊಬ್ಬ ಕಳ್ಳ.

ನಾಲ್ಕನೇ ಜ್ವರದ ಶನಿವಾರ ಚನ್ನಾಜಮ್ಮ ಗಂಡ ವೃಷಭೇಂದ್ರಪ್ಪನ ಜೊತೆ ಮಧ್ಯಾಹ್ನದ ಆಟಕ್ಕೆ ಹೋದಳು. ಯಳಂದೂರು ಕಡೆಯ ಹೆಣ್ಣು, ಮದುವೆಯಾಗಿ ಹದಿನಾಲ್ಕು ವರ್ಷ. ಕೂತಲ್ಲಿ ಕೂರುವವಳಲ್ಲ ಎಂದು ಅವಳಿಗೆ ಹೆಸರು. ಆದರೆ ಕೂತಲ್ಲಿ ಅವಳನ್ನು ಕೂರಲು ಯಾರು ಬಿಟ್ಟಿದ್ದರು? ಊಟಕ್ಕೆ ಕೂತರೆ ಅರ್ಧಕ್ಕೆ ಏಳಬೇಕು. ಮದುವೆ ಮನೆಗೆ ಹೋದರೆ ಧಾರೆಗೆ ಮುಂಚೆ ಹೊರಡಬೇಕು. ಏನನ್ನಾದರೂ ಮೊದಲಿಂದ ಕೊನೆತನಕ ಒಂದೇ ಸಮ ನೋಡಿದ ನೆನಪು ಅವಳಿಗಿರಲಿಲ್ಲ.

ಸಿನಿಮಾದಲ್ಲಿ ಆ ಇಬ್ಬರಿಗೂ ಮನೆ ಕೊಟ್ಟವಳು ಒಬ್ಬ ಅಜ್ಜಿ. ಬಾಡಿಗೆಗೆ ಕೊಟ್ಟ ತಪ್ಪಿಗೆ ಅವರಿಗೆ ಮುದ್ದೆ ತಿರುವುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಜಗಳ ಬಿಡಿಸುತ್ತಾಳೆ. ಕಳ್ಳರ ಗುಂಪು ಮನೆಗೆ ನುಗ್ಗಿದಾಗ ಅವರ ಮುಖ ನೋಡಿಬಿಡುತ್ತಾಳೆ. ಅವರು ಅವಳ ಬಾಯಿಗೆ ಬಟ್ಟೆ ತುರುಕಿ ಉಗ್ರಾಣಕ್ಕೆ ತಳ್ಳಿ ಆಚೆಯಿಂದ ಚಿಲಕ ಹಾಕುತ್ತಾರೆ. ಚಿಲಕ ಬಿದ್ದ ಸದ್ದಿಗೇ ಇಂಟರ್ವಲ್.

ದೀಪ ಹತ್ತಿತು. ವೃಷಭೇಂದ್ರಪ್ಪ ಗಂಡಸರ ಕಡೆಯಿಂದ ಎದ್ದು ಬಂದ.

"ಏ ಚನ್ನಿ, ನಾಕೂವರೆ ಬಸ್ಸು ತಪ್ಪುದ್ರೆ ಇನ್ನು ಏಳಕ್ಕೇಯ. ಉಳ ಜ್ವರ ಎದ್ಬುಟ್ರೆ ಸೊಪ್ಪಾಕೋರ್ಯಾರು? ನಡಿ, ಅತ್ತುಸ್ತೀನಿ."

"ಇನ್ನೂ ಅರ್ಧ ಅದೆ ಕಣ್ರಿ."

"ನಾನ್ ನೋಡ್ಕಬಂದು ಏಳ್ತೀನಿ, ನಡಿಯೇ."

ಅವಳನ್ನು ಬಸ್ಸು ಹತ್ತಿಸಿ ಅವನು ಟಾಕೀಸಿನೊಳಕ್ಕೆ ಓಡಿದ. ಬಸ್ಸಿನ ಕಿಟಕಿಯ ಪಕ್ಕ ಕೂತ ಚನ್ನಾಜಮ್ಮನ ಕಣ್ಣಿಗೆ ಗದ್ದೆ ಕಾಣಲಿಲ್ಲ, ಕಾಲುವೆ ಕಾಣಲಿಲ್ಲ. ಆ ಚಿಲಕವೇ ಕಾಣುತ್ತಿತ್ತು.

ಏಳರ ಬಸ್ಸಿಗೆ ಬಂದ ಗಂಡನಿಗೆ ಕೈಕಾಲು ತೊಳೆಯಲು ನೀರು ಕೊಡುತ್ತಲೇ ಕೇಳಿದಳು: "ಆ ಅಜ್ಜಿ ಬಾಗ್ಲು ತಗುದ್ರಾ?"

"ಯಾವ ಅಜ್ಜಿ?"

"ಮುದ್ದೆ ಮಾಡಾಕ್ತಿದ್ಲಲ್ಲ, ಅವಳು."

"ಓ, ಆ ಮುದ್ಕಿಯಾ. ತಗುದಿರ್ತಾರೆ ಬುಡು. ಪೋಲೀಸ್ನೋನ ಪ್ಯಾಂಟು ಮುಳ್ಳುತಂತಿಗೆ ಸಿಕ್ಕಾಕತ್ತಲ್ಲ, ಅದ ನೋಡ್ಬೇಕಿತ್ತು ನೀನು!"

ತೆಗೆದಿರ್ತಾರೆ ಎಂದರೆ ತೆಗೆದರು ಎಂದಲ್ಲ. ಚನ್ನಾಜಮ್ಮ ಅತ್ತೆಯ ಬಾಯಲ್ಲಿ ಭಾವ ಶಿವರುದ್ರಸ್ವಾಮಿಯನ್ನು ಕೇಳಿಸಿದಳು. ಎರಡು ಸಲ ನೋಡಿದವನು ಅವನು. ಬೋಟಿನ ಫೈಟಿಂಗ್ ಹೇಳಿದ, ಅಜ್ಜಿ ನೆನಪಿಲ್ಲ ಎಂದ. ಸೊಪ್ಪು ಕೊಯ್ಯಲು ಬಂದವರನ್ನು, ಎತ್ತು ಹೊಡೆದುಕೊಂಡು ಹೋಗುತ್ತಿದ್ದವರನ್ನು ಕೇಳಿದಳು. ಮಕ್ಕಳಿಗೆ ಮಗ್ಗಿ ಬರೆಸುತ್ತಿದ್ದ ಮೇಷ್ಟ್ರು ಗುರುಪಾದಸ್ವಾಮಿಯನ್ನೂ ಬಿಡಲಿಲ್ಲ. "ಅದು ಕಥೆಗೆ ಮುಖ್ಯ ಅಲ್ಲಮ್ಮ" ಎಂದರು ಅವರು.

ಮೂರು ಹೊತ್ತು ಅವರ ಹೊಟ್ಟೆಗೆ ಹಾಕಿದವಳು ಕಥೆಗೆ ಮುಖ್ಯ ಅಲ್ಲವಂತೆ.

ಅಷ್ಟರಲ್ಲಿ ಹುಳ ಜ್ವರ ಎದ್ದಿತ್ತು. ನಾಲ್ಕನೇ ಜ್ವರ ಎದ್ದ ಹುಳದ ಹಸಿವು ಕಂಡವರಿಗೇ ಗೊತ್ತು. ನಲವತ್ತು ತಟ್ಟೆ ಹುಳ. ಕೋಳಿ ಕೂಗುವ ಮುಂಚೆ ಸೊಪ್ಪು, ಬಿಸಿಲೇರುವ ಮುಂಚೆ ಸೊಪ್ಪು, ಮಧ್ಯಾಹ್ನ, ಇಳಿಹೊತ್ತು, ಮಲಗುವ ಮುಂಚೆ. ನಡುವೆ ಹಿಕ್ಕೆ ಬಳಿಯಬೇಕು, ತಟ್ಟೆ ಬದಲಿಸಬೇಕು, ತಟ್ಟೆ ಜೋಡಿಸಿದ ಗೂಟದ ಬುಡದ ಬಟ್ಟಲಿಗೆ ಇರುವೆ ಹತ್ತದಂತೆ ನೀರು ತುಂಬಿಸಬೇಕು. ಗೂಡಿನ ಮಾರ್ಕೆಟ್ಟಿಗೆ ಹೋಗುವುದು ಮಾತ್ರ ಗಂಡಸರ ಕೆಲಸ.

ಈ ಕೆಲಸದಲ್ಲಿ ಅವಳ ಜೊತೆ ಓರಗಿತ್ತಿ, ಶಿವರುದ್ರಸ್ವಾಮಿಯ ಹೆಂಡತಿ ಗುರುಬಸಮ್ಮ. ಚನ್ನಾಜಮ್ಮ ಸೊಪ್ಪನ್ನು ಎರಚುವವಳು, ಗುರುಬಸಮ್ಮ ಎಲೆಯ ಮೇಲೆ ಎಲೆ ಜೋಡಿಸುವವಳು. ಇವಳದು ಬಾಯಿ, ಅವಳದು ಬರಿ ಮೂತಿ. ಹೋದ ವರ್ಷದ ಒಂದು ಬೆಳೆ ಹಾಲುತೊಂಡೆ ರೋಗ ಬಿದ್ದು ತಿಪ್ಪೆಗೆ ಹೋಗಿತ್ತು. ಒದ್ದೆ ಸೊಪ್ಪು ಹಾಕಿದ್ದು ನೀನು ಎಂದು ಇವಳು, ನೀನು ಎಂದು ಅವಳು. ಒದ್ದೆ ಸೊಪ್ಪನ್ನು ಹೊರೆ ಕಟ್ಟಿ ತಂದು ಹಾಕಿದ ಗಂಡಸರ ಹೆಸರು ಇಬ್ಬರ ಬಾಯಿಗೂ ಬರಲಿಲ್ಲ. ಅವತ್ತಿನಿಂದ ಎಂಟು ತಿಂಗಳು ಇಬ್ಬರಿಗೂ ಮಾತಿಲ್ಲ. ಏನಿದ್ದರೂ ಅತ್ತೆ ಪುಟ್ಟಮಲ್ಲಮ್ಮನ ಮೂಲಕವೇ.

ಬುಧವಾರ ಸುದ್ದಿ ಬಂತು: ನಾಳೆಯೇ ಕೊನೆ, ಆಮೇಲೆ ಸಿನಿಮಾದ ಡಬ್ಬಿ ಹನೂರಿಗೆ ಹೋಗುತ್ತದೆ. ಹನೂರು ಅಂದರೆ ಚನ್ನಾಜಮ್ಮನ ಪಾಲಿಗೆ ದಿಲ್ಲಿ. ಆ ದಿನವೆಲ್ಲ ಅವಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತುಂಬಿದ ಕೊಡ ಇಟ್ಟು ಮತ್ತೆ ಬಾವಿಗೆ ಹೋದಳು.

ಒಂದೇ ಒಂದು ದಾರಿ ಇತ್ತು. ಲಿಂಗ ಕಟ್ಟಿದವರಿಗೆ ಮುಟ್ಟಿನ ಸೂತಕ ಇಲ್ಲ ಎನ್ನುತ್ತಿದ್ದರು ಅತ್ತೆ. ಅಡಿಗೆ ಮನೆಗೂ ಇಲ್ಲ, ಪೂಜೆಗೂ ಇಲ್ಲ. ಆದರೆ ಹುಳದ ಮನೆಗೆ ಮಾತ್ರ ಇತ್ತು. ಹೊರಗಾದ ಹೆಂಗಸು ಹೊಸ್ತಿಲು ದಾಟಿದರೆ ಹುಳಕ್ಕೆ ನಂಜಾಗುತ್ತದೆ ಎಂದು ಊರಿಗೆ ಊರೇ ನಂಬಿತ್ತು.

ಗುರುವಾರ ಬೆಳಗಿನ ಸೊಪ್ಪು ಹಾಕಿ ಬಂದು ಚನ್ನಾಜಮ್ಮ ಒಲೆ ಮುಂದಿದ್ದ ಅತ್ತೆಗೆ ತಲೆ ತಗ್ಗಿಸಿ ಹೇಳಿದಳು: "ಅತ್ತೆಮ್ಮ, ನಾನು ಈಚ್ಗಾದೆ."

ಪುಟ್ಟಮಲ್ಲಮ್ಮ ಊದುಗೊಳವೆ ಕೆಳಗಿಟ್ಟರು. "ನೀನೂವಾ? ಈಗ್ತಾನೆ ಗುರುಬಸಿ ಏಳ್ಬುಟ್ಟು ಓದ್ಳು."

ಚನ್ನಾಜಮ್ಮ ಇದನ್ನು ಎಣಿಸಿರಲಿಲ್ಲ. ಹೇಳಿದ ಮಾತನ್ನು ನುಂಗುವಂತಿರಲಿಲ್ಲ. ಅತ್ತೆ ಅವಳನ್ನು ಒಂದು ಗಳಿಗೆ ನೋಡಿದರು.

"ಸರಿ ಓಗಿ. ಎತ್ಲಾರ ಓಗಿ, ಉಳದ ಮನೆ ತಾವು ನಿಮ್ ನೆಳ್ಳು ಬೀಳ್ಬಾರ್ದು. ಅವತ್ತಿಂದ ತಿಂತಾವ್ರಲ್ಲ ಗಂಡಸ್ರು, ಒಂದಿನ ಅವ್ರೇ ಆಕ್ಲಿ."

ಬಸ್ಸು ನಿಲ್ಲುವ ಹುಣಸೆ ಮರದ ಕೆಳಗೆ ಗುರುಬಸಮ್ಮ ಸೆರಗು ಹೊದ್ದು ನಿಂತಿದ್ದಳು. ಚನ್ನಾಜಮ್ಮ ಮರದ ಈಚೆ ಬದಿಗೆ ನಿಂತಳು.

"ಐದು ದಿನದಿಂದ ಆ ಮುದ್ಕೀನ ನನ್ ತಲೇಲಿ ಕೂರ್ಸಿದ್ದೀಯೆ" ಎಂದಳು ಗುರುಬಸಮ್ಮ, ಮರದ ಕಡೆ ನೋಡಿಕೊಂಡು. "ಕಂಡೋರ್ನೆಲ್ಲ ಕೇಳ್ದೆ. ನನ್ನೊಬ್ಳುನ್ನ ಕೇಳ್ನಿಲ್ಲ."

"ನೀ ನೋಡೇ ಇಲ್ವಲ್ಲಕ್ಕ!"

"ನೋಡ್ದೋರು ಏನ್ ಏಳುದ್ರು?"

ಚನ್ನಾಜಮ್ಮನಿಗೆ ನಗು ಬಂತು. ಎಂಟು ತಿಂಗಳ ಮೇಲೆ ಆಡಿದ ಮಾತು ಅದು.

ಹೆಂಗಸರ ಕಡೆಯ ಬೆಂಚಿನಲ್ಲಿ ಇಬ್ಬರೂ ಅಂಟಿಕೊಂಡು ಕೂತರು. ಇಂಟರ್ವಲ್ ಕಳೆಯಿತು. ಬೋಟಿನ ಫೈಟಿಂಗ್ ಬಂತು, ಮುಳ್ಳುತಂತಿಯ ಪ್ಯಾಂಟು ಬಂತು. ಗಂಡಸರ ಕಡೆ ಶಿಳ್ಳೆಯೋ ಶಿಳ್ಳೆ. ಕಳ್ಳ ಕಾನ್‌ಸ್ಟೇಬಲ್ಲನಿಗಾಗಿ ಮೊದಲ ಸಲ ನಿಜ ಹೇಳಿದ, ಕಾನ್‌ಸ್ಟೇಬಲ್ ಕಳ್ಳನಿಗಾಗಿ ಮೊದಲ ಸಲ ಸುಳ್ಳು ಹೇಳಿದ. ಚನ್ನಾಜಮ್ಮ ನಕ್ಕಳು, ಆದರೆ ಪೂರಾ ನಗಲಾಗಲಿಲ್ಲ. ಪರದೆಯ ಮೇಲೆ ಆ ಮನೆ ಬಂದಾಗಲೆಲ್ಲ ಬೆಂಚಿನ ತುದಿಗೆ ಬರುತ್ತಿದ್ದಳು. ಕಳ್ಳರೆಲ್ಲ ಸಿಕ್ಕಿಬಿದ್ದರು. ಕಾನ್‌ಸ್ಟೇಬಲ್ಲೂ ಜೇಬುಗಳ್ಳನೂ ಮನೆಗೆ ಬಂದು ಪೆಟ್ಟಿಗೆ ತಗೊಂಡರು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು, ಮೋಟಾರ್‌ಸೈಕಲ್ ಹತ್ತಿದರು, ಹೊರಟೇಹೋದರು.

"ಶುಭಂ" ಎಂದು ಬಿತ್ತು.

"ಏಯ್, ಬಾಗ್ಲು ತಗೀರ್ಲಾ!"

ಕೂಗಿದ್ದು ಗುರುಬಸಮ್ಮ. ಮನೆಯಲ್ಲಿ ಕೆಮ್ಮಿದರೂ ಕೇಳಿಸದ ಗುರುಬಸಮ್ಮ ಬೆಂಚಿನ ಮೇಲೆ ಎದ್ದು ನಿಂತು ಪರದೆಗೆ ಕೈ ತೋರಿಸುತ್ತಿದ್ದಳು.

"ಅಯ್ಯೋ ಔದಲ್ವಾ, ಅಜ್ಜಿ!" ಎಂದಳು ಮುಂದಿನ ಸಾಲಿನ ಒಬ್ಬಾಕೆ. "ಮುದ್ಕಿ ಅಲ್ಲೇ ಅವ್ಳೆ!" ಇನ್ನೊಬ್ಬಾಕೆ. ಹೆಂಗಸರ ಕಡೆಯೆಲ್ಲ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಗಂಡಸರು ತಿರುಗಿ ನೋಡಿ ನಗುತ್ತಿದ್ದರು. ಗೇಟಿನವನು ಓಡಿಬಂದ.

"ಆಟ ಮುಗೀತು, ಏಳ್ರವ್ವ."

"ನೀನು ದಿನಾ ನೋಡ್ತೀಯಲ್ಲಪ್ಪ," ಎಂದಳು ಚನ್ನಾಜಮ್ಮ, "ಆ ಅಜ್ಜಿ ಏನಾದ್ಲು?"

ಅವನು ತಲೆ ಕೆರೆದುಕೊಂಡ. "ಯಾವ ಅಜ್ಜಿ?"

ಬಸ್ಸಿನಲ್ಲಿ ಇಬ್ಬರೂ ಅದನ್ನೇ ಹೇಳಿಕೊಂಡು ನಕ್ಕರು. ಆದರೆ ಊರು ಹತ್ತಿರವಾದಂತೆ ನಗು ಇಳಿಯಿತು. ಇಳಿಹೊತ್ತಿನ ಸೊಪ್ಪು ಹಾಕಿದರೋ ಇಲ್ಲವೋ. ಹಾಕಿದರೂ ಹೇಗೆ ಹಾಕಿದರೋ. ಚನ್ನಾಜಮ್ಮ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಳು.

ಬಸ್ಸಿಳಿದರೆ ಎದುರಿಗೇ ಹೋಟ್ಲು. ಬೆಂಚಿನ ಮೇಲೆ ಅಣ್ಣತಮ್ಮಂದಿರಿಬ್ಬರೂ ಟೀ ಕುಡಿಯುತ್ತಿದ್ದರು.

"ಉಳಕ್ಕೆ?" ಎಂದಳು ಚನ್ನಾಜಮ್ಮ.

"ಅವ್ವ ಅಲ್ಲೇ ಅವ್ಳಲ್ಲ" ಎಂದ ವೃಷಭೇಂದ್ರಪ್ಪ.

ಇಬ್ಬರೂ ಓಡಿದರು.

ಹುಳದ ಮನೆಯ ಬಾಗಿಲಿಗೆ ಆಚೆಯಿಂದ ಸರಪಳಿ ಬಿದ್ದಿತ್ತು. ಒಳಗೆ ಹುಳ ಸೊಪ್ಪು ಮೇಯುವ ಸದ್ದು. ಅದರ ನಡುವೆ ಒಂದು ಏದುಸಿರು. ಚನ್ನಾಜಮ್ಮ ಸರಪಳಿ ಕಳಚಿ ಬಾಗಿಲು ತಳ್ಳಿದಳು. ಪುಟ್ಟಮಲ್ಲಮ್ಮ ಸೊಪ್ಪಿನ ಕುಕ್ಕೆಯನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಗೂಟ ಹಿಡಿದು ನಿಂತಿದ್ದರು. ಮುಖವೆಲ್ಲ ಬೆವರು. ಅರವತ್ತೈದು ವರ್ಷದ ಜೀವ.

"ಮಧ್ಯಾಹ್ನದಿಂದ ಇವ್ನಿ" ಎಂದರು. "ಎರಡು ತಟ್ಟೆಗೆ ಆಕುದ್ರು, ಸೊಂಟ ಇಡ್ಕತ್ತು ಅಂದ್ರು. ಕೋಳಿ ನುಗ್ತವೆ ಅಂತ ಸರಪಳಿ ಆಕ್ಬುಟ್ಟು ಓದ್ರು. ಕೂಗ್ದೆ, ಯಾರೂ ಬರ್ನಿಲ್ಲ. ಇವು ತಲೆ ಎತ್ಕಂಡು ನೋಡ್ತಾವಲ್ಲವ್ವ, ಎಂಗೆ ಸುಮ್ನಿರದು?"

ಚನ್ನಾಜಮ್ಮ ಹೊಸ್ತಿಲ ಈಚೆ ನಿಂತಿದ್ದಳು. ಒಳಗೆ ಕಾಲಿಟ್ಟರೆ ಬೆಳಗಿನ ಸುಳ್ಳು ಬಯಲು. ಇಡದಿದ್ದರೆ ಅತ್ತೆಯ ಸೊಂಟದ ಕುಕ್ಕೆ ಇಳಿಯುವುದಿಲ್ಲ. ಉಳಿದ ತಟ್ಟೆಗಳಿಗೂ ಅವರೇ ಹಾಕಬೇಕು. ಅವಳು ಹೊಸ್ತಿಲು ದಾಟಿದಳು, ಕುಕ್ಕೆ ತೆಗೆದುಕೊಂಡಳು. ಅವಳ ಹಿಂದೆಯೇ ಗುರುಬಸಮ್ಮನೂ ದಾಟಿದಳು.

ಪುಟ್ಟಮಲ್ಲಮ್ಮ ಅವರ ನಾಲ್ಕು ಕಾಲುಗಳನ್ನೂ ನೋಡಿದರು. ಬೈಯಲಿಲ್ಲ. ಈಚೆ ಬಂದು ಒರಳುಕಲ್ಲಿನ ಪಕ್ಕ ಕಾಲು ಚಾಚಿ ಕೂತರು.

"ಗುರುಬಸಿ ಯುಗಾದಿ ಅಮಾಸೇಲಿ ಈಚೆ ಕೂತಿದ್ಲು. ಇನ್ನೂ ಅತ್ತು ದಿನ ಆಗಿಲ್ಲ. ನಂಗೆ ಗೊತ್ತಾಗಕಿಲ್ವಾ?"

"ಮತ್ಯಾಕೆ ಕಳ್ಸುದ್ರಿ ಅತ್ತೆಮ್ಮ?" ಎಂದಳು ಚನ್ನಾಜಮ್ಮ.

"ನಲವತ್ತು ವರ್ಷ ಉಳ ಸಾಕಿವ್ನಿ. ಆ ಸುಳ್ಳ ಏಳಕೆ ನಂಗೆ ಧೈರ್ಯ ಬರ್ನಿಲ್ಲ. ಏಳುದ್ರೆ ಏನಾಯ್ತದೆ ನೋಡ್ಮಾ ಅಂತ." ಮೊಣಕಾಲು ಒತ್ತಿಕೊಂಡರು. "ಏನಾಯ್ತದೆ, ಗೊತ್ತಾಯ್ತಲ್ಲ. ಅದಿರ್ಲಿ, ಆ ಮುದ್ಕಿ ಬಾಗ್ಲು ತಗುದ್ರಾ?"

"ಇಲ್ಲ ಅತ್ತೆಮ್ಮ. ಮರ್ತೇಬುಟ್ರು."

"ಥೂ" ಎಂದರು ಪುಟ್ಟಮಲ್ಲಮ್ಮ.

ಮಾರನೆಯ ಬೆಳಗ್ಗೆ ಮೊದಲ ಸೊಪ್ಪು ಹಾಕಿದ ಮೇಲೆ ಚನ್ನಾಜಮ್ಮ ಹಾರೆ ತಂದು ಬಾಗಿಲುವಾಡದ ಸರಪಳಿಯನ್ನು ಮೊಳೆ ಸಮೇತ ಕಿತ್ತಳು. ಸದ್ದಿಗೆ ವೃಷಭೇಂದ್ರಪ್ಪ ಎದ್ದು ಬಂದ.

"ಲೇ, ಕೋಳಿ ನುಗ್ಗುದ್ರೆ?"

ಒಳಗಿಂದ ಉತ್ತರ ಕೊಟ್ಟವಳು ಗುರುಬಸಮ್ಮ. "ಓಡ್ಸಕೆ ನೀನಿಲ್ವಾ ಮೈದ್ನಪ್ಪ?"

ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವತನಕ ಎರಡು ದಿನ ವೃಷಭೇಂದ್ರಪ್ಪ ಒಂದು ಕಡ್ಡಿ ಹಿಡಿದು ಬಾಗಿಲಲ್ಲಿ ಕೂತ. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. "ಏನ್ಲಾ, ಇಲ್ ಕೂತಿದ್ದೀಯೆ?"

"ಕೋಳಿ ಕಾಯ್ತಾ ಇವ್ನಿ, ಕಾಣಕಿಲ್ವಾ?" ಎಂದು ರೇಗುತ್ತಿದ್ದ. ಒಳಗೆ ತಟ್ಟೆಗಳ ನಡುವೆ ಚನ್ನಾಜಮ್ಮ ಅತ್ತೆಗೆ ಸಿನಿಮಾ ಹೇಳುತ್ತಿದ್ದಳು. ಮೊದಲಿಂದ, ಒಂದು ಸೀನೂ ಬಿಡದೆ.