ಹೊಳೆ ದಡದಲ್ಲಿ ಕಂಡದ್ದು

ಕಳಸದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರೇವಣ್ಣ ಮೀನು ತಿನ್ನುವ ಮನೆತನದವನಲ್ಲ. ಆದರೂ ಭಾನುವಾರ ಬಂತೆಂದರೆ ಭದ್ರೆಯ ಮೀನುಗುಂಡಿಯ ಕಡೆ ಹೋಗದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಅಲ್ಲಿ ಮೀನು ಹಿಡಿಯಬಾರದೆಂದು ಅರಣ್ಯ ಇಲಾಖೆ ಬೋರ್ಡು ಹಾಕಿತ್ತು. ಜನ ಬುತ್ತಿ ಕಟ್ಟಿಕೊಂಡು ಬಂದು ಈಜುತ್ತಿದ್ದರು, ಮಂಡಕ್ಕಿ ಎರಚಿ ಮೊಳದುದ್ದದ ಮೀನುಗಳು ಮೇಲೇಳುವುದನ್ನು ನೋಡುತ್ತಿದ್ದರು. ಹೊಸಬರಿಗೆ ಸುಳಿಯಿರುವ ಜಾಗ ತೋರಿಸುವುದು, ಬಿಟ್ಟುಹೋದ ಪ್ಲಾಸ್ಟಿಕ್ ಹೆಕ್ಕುವುದು ರೇವಣ್ಣ ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸ. ಹೆಂಡತಿ ಪ್ರೇಮಕುಮಾರಿ, ಅಂಗಡಿಗಿಂತ ಆ ಮೀನುಗಳ ಮೇಲೇ ನಿಮಗೆ ಜೀವ ಎಂದು ಗೊಣಗುತ್ತಿದ್ದಳು.

೨೦೦೪ರಲ್ಲಿ ಅವನ ತಮ್ಮ ಶಶಿಕಿರಣ್ ತನ್ನ ಕಾಫಿ ತೋಟದಲ್ಲಿ ಹೋಂಸ್ಟೇ ತೆರೆದ. ಒಂದು ಭಾನುವಾರ ಅವನ ಜೀಪು ಅತಿಥಿಗಳನ್ನು ತುಂಬಿಕೊಂಡು ಹೊಳೆಗೆ ಬಂತು. ಎದುರು ದಡದಲ್ಲಿದ್ದ ರೇವಣ್ಣ ಎಲ್ಲವನ್ನೂ ಕಂಡ. ಶಶಿಕಿರಣ್ ತನ್ನ ತೋಟದಾಳು ದಾಸಯ್ಯನಿಗೆ ಬಂಡೆ ಸಿಡಿಸುವ ತೋಟೆ ಕೊಟ್ಟು ನೀರಿನತ್ತ ಕೈ ತೋರಿಸಿದ. ದಾಸಯ್ಯ ಹಿಂಜರಿದಾಗ ಗದರಿಸಿದ. ಮೊದಲನೆಯ ತೋಟೆ ಗುಂಡಿಯಲ್ಲಿ ಸಿಡಿದು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ರೇವಣ್ಣ ಕೂಗುತ್ತಾ ನೀರಿಗಿಳಿಯುವಷ್ಟರಲ್ಲಿ ಎರಡನೆಯದು ದಾಸಯ್ಯನ ಕೈಯಲ್ಲೇ ಸಿಡಿಯಿತು.

ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಅತಿಥಿಗಳನ್ನು ಅಂದೇ ಊರಿಗೆ ಕಳಿಸಿ, ಆಳು ಕುಡಿದು ಕದ್ದು ಮೀನು ಹೊಡೆಯಲು ಹೋಗಿದ್ದ, ತಾನು ಸದ್ದು ಕೇಳಿ ಓಡಿಬಂದೆ ಎಂದು ಶಶಿಕಿರಣ್ ಊರೆಲ್ಲ ಹೇಳಿದ. ಸಂಜೆ ಅಣ್ಣನ ಮನೆಗೆ ಬಂದು ತಗ್ಗಿದ ದನಿಯಲ್ಲಿ, "ಅಣ್ಣ, ನೀನು ಸುಳ್ಳು ಹೇಳೋದೇನೂ ಬೇಡ. ನೋಡ್ಲಿಲ್ಲ ಅಂದ್ರೆ ಸಾಕು ಮಾರಾಯ," ಎಂದ.

ಮರುದಿನ ರೇವಣ್ಣ ಆಸ್ಪತ್ರೆಗೆ ಹೋದರೆ ದಾಸಯ್ಯ ಗೋಡೆಗೆ ಮುಖ ಮಾಡಿ ಮಲಗಿದ್ದ.

"ನೀವು ಏನೂ ಹೇಳ್ಬೇಡಿ ಅಯ್ಯ. ಬಾಯಿ ಮುಚ್ಕೊಂಡಿದ್ರೆ ಹೆಂಡ್ತಿ ಕೆಲ್ಸ ಉಳೀತದೆ, ತೋಟದ ಲೈನ್ ಮನೇಲೇ ಇರ್ಬೋದು ಅಂದಿದಾರೆ ನಿಮ್ ತಮ್ಮ, ಸಣ್ಣಯ್ಯೋರು."

ಕೈ ಕಳೆದುಕೊಂಡವನೇ ಕಳ್ಳನೆಂಬ ಹೆಸರನ್ನೂ ಹೊರುವುದೇ? ರೇವಣ್ಣ ಅಲ್ಲಿಂದ ನೇರವಾಗಿ ಫಾರೆಸ್ಟ್ ಗಾರ್ಡ್ ಮಾರಯ್ಯನ ಬಳಿ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದ.

ಶಶಿಕಿರಣ್ ಮೇಲೆ ಕೇಸಾಯಿತು, ಹೋಂಸ್ಟೇ ಮುಚ್ಚಿತು. ಆದರೆ ತೋಟೆ ಎಸೆದವನೆಂದು ದಾಸಯ್ಯನ ಹೆಸರನ್ನೂ ಬಿಡಲಿಲ್ಲ. ಅವನು ಆಸ್ಪತ್ರೆಯಿಂದ ಬರುವ ಮೊದಲೇ ಶಶಿಕಿರಣ್ ಲೈನ್ ಮನೆ ಖಾಲಿ ಮಾಡಿಸಿದ. ಅವನ ಹೆಂಡತಿ ಪಾತ್ರೆಪಗಡದ ಗಂಟು ಹೊತ್ತು ಅಂಗಡಿಯೆದುರು ಬಂದು ನಿಂತಳು.

"ಸತ್ಯ ಹೇಳಿದ ಪುಣ್ಯ ನಿಮಗೆ ಬಂತು ಅಯ್ಯ. ನಾವೆಲ್ಲಿಗೆ ಹೋಗೋದು?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಂಗಡಿಯಲ್ಲಿದ್ದ ಪ್ರೇಮಕುಮಾರಿ ಎದ್ದು ಬಂದು ಅವಳ ಗಂಟನ್ನು ಇಳಿಸಿಕೊಂಡಳು, ಅಂಗಡಿಯ ಹಿಂದಿನ ಕೋಣೆಯನ್ನು ಗುಡಿಸಿ ಕೊಟ್ಟಳು.

ಗಾಯ ಮಾಗಿದ ಮೇಲೆ ದಾಸಯ್ಯ ಅಂಗಡಿಯ ಕೆಲಸಕ್ಕೆ ಸೇರಿದ. ಸೀರೆ ಮಡಚುವಾಗ ಇನ್ನೊಂದು ತುದಿಯನ್ನು ಪ್ರೇಮಕುಮಾರಿ ಹಿಡಿಯುತ್ತಿದ್ದಳು. ಅವಳೊಡನೆ ಅವನು ಮಳೆ, ಮಕ್ಕಳು ಎಂದು ಹರಟುತ್ತಿದ್ದ. ರೇವಣ್ಣ ಹತ್ತಿರ ಬಂದರೆ ಸುಮ್ಮನಾಗುತ್ತಿದ್ದ. ತಮ್ಮನಂತೂ ರೇವಣ್ಣನ ಮನೆಯಲ್ಲಿದ್ದ ತಾಯಿ ತೀರಿಕೊಂಡ ದಿನವೂ ಅಂಗಳದಾಚೆಯೇ ನಿಂತು, ಅಣ್ಣನ ಮುಖ ನೋಡದೆ ಹೊರಟುಹೋದ.